ಸುಟ್ಟ ಕಲೆಯ ಹುದ್ದೆ

ಬೆಂಕಿ ಒಮ್ಮೆ ಸುಟ್ಟವರನ್ನು ಮತ್ತೆ ಸುಡುವುದಿಲ್ಲವಲ್ಲ, ಅದಕ್ಕೇ ಸಹಾಯಕ ಅಗ್ನಿಶಾಮಕ ಅಧಿಕಾರಿಯಾಗುವವರಿಗೆ ಮೈಮೇಲೆ ಸುಟ್ಟ ಕಲೆ ಇರಬೇಕೆಂದು ಕಾನೂನು. ಬೇಕಂತಲೇ ಸುಟ್ಟುಕೊಂಡದ್ದು ನಡೆಯುವುದಿಲ್ಲ.

ಹದಿನಾಲ್ಕು ವರ್ಷ ಬೆಂಕಿ ಆರಿಸಿದರೂ ಗಂಗವ್ವನ ಮೈಮೇಲೆ ಒಂದು ಬೊಬ್ಬೆಯೂ ಎದ್ದಿರಲಿಲ್ಲ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ರೇಣವ್ವನಿಗೆ ಇವತ್ತು ಆ ಹುದ್ದೆಯ ನೇಮಕದ ಆದೇಶ ಬಂದಿತ್ತು. ಅವಳು ಠಾಣೆಯ ಅಂಗಳದಲ್ಲಿ ಕೆಂಡಕ್ಕೆ ಬರಿಗೈ ಹಾಕಿ ಎಲ್ಲರಿಗೂ ಜೋಳದ ತೆನೆ ಸುಡುತ್ತಿದ್ದಳು. ಗಂಗವ್ವನಿಗೆ ನೋಡಲಾಗಲಿಲ್ಲ.

“ಹತ್ತಿ ಗಿರಣಿ ಹೊತ್ತಿದಾಗ ನಿನ್ನಂಗ ನನಗೂ ಸುಡತಿತ್ತು,” ಎಂದು ಕುಟುಕಿದಳು. “ಹೊಗಿಯಾಗ ಯಾರೋ ಹಾಳಾದವರು ಹಿಂದಕ್ಕ ದಬ್ಬಿದ್ರು. ಇಲ್ಲಾಂದ್ರ ಆ ಖುರ್ಚಿ ನಂದು.”

ರೇಣವ್ವ ಒಂದು ತೆನೆಯನ್ನು ಊದಿ ಊದಿ ಆರಿಸಿ ಅವಳ ಕೈಗಿಟ್ಟಳು.

“ದಬ್ಬಿದಾಕಿ ನಾನೇ, ಅಕ್ಕಾ. ನೋಡಿ ತಿನ್ನು, ನಿನಗಿನ್ನೂ ಸುಡತೈತಿ.”