ಐದನೆಯ ಬಿಲ್ಲೆ

ಬಾಕುಲಿ ಗಂಡನ ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಟ್ಟಿದಳು. ಮುದುಕ ತಲೆಯಾಡಿಸಿ, ಬೆರಳಡಿಯಲ್ಲಿದ್ದ ಕಲ್ಲಿನ ಬಿಲ್ಲೆಗೆ ಚೌಕಾಸಿ ಶುರುಮಾಡಿದ. ವುಲತಿಯಾನಳ ಮೈ ಉರಿಯಿತು. ಬೆಳಗಿನಿಂದ ಅವಳು ಹುಡುಕುತ್ತಿದ್ದದ್ದು ಅದನ್ನೇ.

ಅಂತ್ಸಿರಬೆ ಊರಿನ ಕಲ್ಲುಪೇಟೆಯಲ್ಲಿ ಇದು ಈ ತಿಂಗಳು ಮೂರನೆಯ ಸಲ.

ಟೂರ್ಮಲಿನ್ ಎಂಬ ಬಣ್ಣದ ರತ್ನದ ಹರಳನ್ನು ಬ್ರೆಡ್ಡಿನಂತೆ ಅಡ್ಡ ಕೊಯ್ದು ಹೊಳಪು ಕೊಟ್ಟರೆ, ಪ್ರತಿ ಬಿಲ್ಲೆಯಲ್ಲೂ ತ್ರಿಕೋನದೊಳಗೆ ತ್ರಿಕೋನ ಮೂಡುತ್ತದೆ. ಒಂದೇ ಹರಳಿನ ಬಿಲ್ಲೆಗಳನ್ನು ಒಂದೂ ಬಿಡದೆ ಕೂಡಿಸುವುದು ಆ ಊರಿನ ಹವ್ಯಾಸಿಗಳ ಹುಚ್ಚು. ನಡುವೆ ಬೇರೆ ಹರಳಿನ ಬಿಲ್ಲೆ ತೂರಿಸಿ ಮಾರುವುದು ವ್ಯಾಪಾರಿಗಳ ಚಾಳಿ. ಔಷಧಿ ಅಂಗಡಿಯ ವುಲತಿಯಾನ ಎರಡು ಸಲ ಹಾಗೆ ಮೋಸಹೋಗಿದ್ದಳು. ಮುದುಕ ರತ್ಸಿಂಬ ಒಮ್ಮೆಯೂ ಇಲ್ಲ. ಪುರಭವನದ ಗಾಜಿನ ಕಪಾಟಿಗೆ ಕಲ್ಲು ಆರಿಸುವ ಗೌರವವೂ ಪ್ರತಿವರ್ಷ ಅವನಿಗೇ.

ಅವನೇನು ದೊಡ್ಡ ಪಂಡಿತನೇ? ರೈಲು ಓಡಿಸುತ್ತಿದ್ದವನ ಮಗ. ತಾನೂ ಓಡಿಸುತ್ತೇನೆಂದು ಹೊರಟು, ವೈದ್ಯರ ಪರೀಕ್ಷೆಯ ದಿನವೇ ವಾಪಸಾಗಿ, ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮೊಹರು ಒತ್ತಿದವನು. ಗುಟ್ಟೆಲ್ಲ ಹೆಂಡತಿಯ ಬಳಿ ಇದೆ ಎಂದು ವುಲತಿಯಾನಳಿಗೆ ಖಾತ್ರಿಯಾಗಿತ್ತು. ಕಲ್ಲು ಕೊಯ್ಯುವವರ ಬೀದಿಯಲ್ಲೇ ಬಾಕುಲಿಯ ತವರು. ಅಲ್ಲಿಂದ ಸುದ್ದಿ ತಂದು ಗಂಡನ ಕಿವಿಗೆ ಹಾಕುತ್ತಾಳೆ, ಅಷ್ಟೇ.

"ತಾತ, ಅಜ್ಜಿ ಪಕ್ಕದಲ್ಲಿ ಇಲ್ದೆ ಒಂದ್ಸಲ ಆರಿಸಿ, ನೋಡೋಣ" ಎಂದಳು ವುಲತಿಯಾನ, ನಾಲ್ಕು ಜನಕ್ಕೆ ಕೇಳುವ ಹಾಗೆ.

ಬಾಕುಲಿಯ ಮುಖ ಬಿಳಿಚಿತು. "ಇದೆಲ್ಲ ಬೇಡ ಕಣ್ರೀ. ಬನ್ನಿ, ಮನೆಗೆ ಹೋಗೋಣ."

"ನೀ ಸುಮ್ನಿರೇ" ಎಂದ ಮುದುಕ. "ಯಾವಾಗಮ್ಮ?"

"ಭಾನುವಾರ, ಚರ್ಚ್ ಮುಗಿಸ್ಕೊಂಡು ನಮ್ಮನೆಗೇ ಬನ್ನಿ. ಸೋತ್ರೆ ಪುರಭವನದ ಕೆಲಸ ಬಿಟ್ಕೊಡ್ಬೇಕು. ಗೆದ್ರೆ ನನ್ನ ಕಪಾಟಲ್ಲಿ ಇಷ್ಟವಾದ ಬಿಲ್ಲೆ ತಗೊಳ್ಳಿ."

"ಊಟ?"

"ಊಟಾನೂ ಇದೆ."

"ಹಾಗಿದ್ರೆ ಸರಿ."

ವುಲತಿಯಾನ ಕಚ್ಚಾ ಕೆಲಸ ಮಾಡುವವಳಲ್ಲ. ಒಂದೇ ಬಣ್ಣದ ಎರಡು ಹರಳು ಹುಡುಕಿದಳು. ಊರಿನ ಯಾರಿಗೂ ತೋರಿಸದೆ ರಾಜಧಾನಿಗೆ ಒಯ್ದು ಕೊಯ್ಯಿಸಿದಳು. ಮೊದಲ ಹರಳಿನ ಎಂಟು ಬಿಲ್ಲೆಗಳನ್ನು ಸಾಲಾಗಿಟ್ಟು, ಐದನೆಯದನ್ನು ತೆಗೆದು, ಆ ಜಾಗಕ್ಕೆ ಎರಡನೆಯ ಹರಳಿನದನ್ನು ಕೂರಿಸಿದಳು. ಅದೇ ಕೆಂಪು, ಅದೇ ಹಸಿರು. ಕೊಯ್ದವನೇ ನೋಡಿ ತಬ್ಬಿಬ್ಬಾಗಿ, ಹಿಂಬದಿಯ ಗುರುತು ಹುಡುಕಬೇಕಾಯಿತು. ಆಮೇಲೆ ಆ ಗುರುತನ್ನೂ ಅಳಿಸಿಹಾಕಿದಳು.

ಭಾನುವಾರ ಚರ್ಚು ಬಿಡುತ್ತಲೇ ಅಡುಗೆಗೆ ನೆರವಾಗಿ ಎಂದು ಬಾಕುಲಿಯನ್ನು ಕರೆದುತಂದು ಒಳಗೆ ಕೂರಿಸಿದಳು. ಮರಗೆಣಸಿನ ಸೊಪ್ಪು ಕುಟ್ಟುತ್ತ ಅಜ್ಜಿ ಬಾಗಿಲ ಕಡೆಗೇ ನೋಡುತ್ತಿದ್ದಳು. ಬಾಗಿಲಿಗೆ ವುಲತಿಯಾನಳೇ ಹೊರಗಿನಿಂದ ಚಿಲಕ ಹಾಕಿದಳು.

ಮುದುಕ ಮನೆಗೆ ಹೋಗಿ ಬಟ್ಟೆ ಬದಲಿಸಿ ಒಬ್ಬನೇ ಬಂದ. ಹೊಸಿಲಲ್ಲಿ ಬೂಟು ಕಳಚಿದಾಗ ಕಾಲುಚೀಲ ಕಂಡವು. ಒಂದು ಕೆಂಪು, ಒಂದು ಹಸಿರು. ಹೆದರಿಕೊಂಡು ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಬಂದಿದ್ದಾನೆ ಎಂದು ವುಲತಿಯಾನ ಒಳಗೊಳಗೇ ಹಿಗ್ಗಿದಳು. ಹವ್ಯಾಸಿ ಸಂಘದ ಆರು ಮಂದಿ ಆಗಲೇ ಮೇಜಿನ ಸುತ್ತ ನೆರೆದಿದ್ದರು.

"ಈ ಕೆಂಪು ನೋಡಿದ್ರಾ? ದಾಳಿಂಬೆ ಕಾಳು" ಎಂದ ಒಬ್ಬ.

"ಎಂಟಕ್ಕೆ ಎಂಟೂ ಒಂದೇ ತಾಯಿ ಮಕ್ಕಳು" ಎಂದ ಇನ್ನೊಬ್ಬ.

ಮುದುಕ ಕೈ ಹಿಂದೆ ಕಟ್ಟಿ, ಸಾಲಿನ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದ. ತಿರುಗಿ ಬರುವಾಗ ನಡುವೆ ನಿಂತ.

"ಐದನೇದು ಈ ಮನೇದಲ್ಲ."

ಎಲ್ಲರೂ ಮೇಜಿನ ಮೇಲೆ ಬಾಗಿದರು.

"ನಾಲ್ಕರಲ್ಲಿ ಏಳು ಗೆರೆ, ಆರರಲ್ಲೂ ಏಳು. ನಡುವೆ ಇರೋನಿಗೆ ಒಂಬತ್ತು ಎಲ್ಲಿಂದ ಬಂತು?" ಎಂದ. "ನಿಮಗೆ ಕಾಣ್ತಿಲ್ವಾ? ಇಷ್ಟು ಕಣ್ಣಿಗೆ ಹೊಡೀತಿದೆಯಲ್ಲ."

ಆರು ಮಂದಿಯೂ ಭೂತಗನ್ನಡಿ ತೆಗೆದರು. ಎಣಿಸಿದರು. ಒಂಬತ್ತೇ.

ವುಲತಿಯಾನ ಹೋಗಿ ಅಡುಗೆಮನೆಯ ಚಿಲಕ ತೆಗೆದಳು. ಅವಳ ಮುಖ ನೋಡುತ್ತಲೇ ಬಾಕುಲಿ ಶಾಲಿನ ತುದಿಯಲ್ಲಿ ಹಣೆ ಒರೆಸಿಕೊಂಡು ಮತ್ತೆ ಒಲೆಯ ಕಡೆ ತಿರುಗಿದಳು. ಹೊರಗೆ ಬಂದು ಕುಣಿಯಲಿಲ್ಲ, ಗಂಡನನ್ನು ಹೊಗಳಲೂ ಇಲ್ಲ. ವುಲತಿಯಾನಳಿಗೆ ಅದೇ ಹೆಚ್ಚು ಚುಚ್ಚಿತು.

ಊಟವಾಯಿತು, ಸಂಘದವರು ಹೊರಟರು. ಅಜ್ಜಿ ಪಾತ್ರೆ ತೊಳೆಯಲು ಒಳಗೆ ಉಳಿದಳು. ಮಾತಿಗೆ ತಪ್ಪಬಾರದೆಂದು ವುಲತಿಯಾನ ಕಪಾಟು ತೆರೆದಳು.

"ತಪ್ಪು ತಿಳ್ಕೊಂಡಿದ್ದೆ ತಾತ. ಯಾವುದು ಬೇಕೋ ತಗೊಳ್ಳಿ."

"ನನಗೆ ಬೇಡಮ್ಮ. ಬಾಕುಲಿಗೆ." ಮುದುಕನ ದನಿ ಇಳಿಯಿತು. "ನಲವತ್ತು ವರ್ಷ ನನ್ನ ಜೊತೆ ಈ ಪೇಟೆ ಸುತ್ತಿದಾಳೆ, ತನಗೆ ಅಂತ ಒಂದೂ ಕೇಳಿಲ್ಲ. ನಿನ್ನೆ ಕೇಳಿದ್ಲು. ಕೆಂಪು ನಡು, ಹಸಿರು ಅಂಚು. ನಮ್ಮ ಮದುವೇಲಿ ಅವಳು ಹೊದ್ದಿದ್ದ ಶಾಲು ಹಾಗೇ ಇತ್ತಂತೆ."

ವುಲತಿಯಾನ ಮೇಲಿನ ಅರೆ ತೋರಿಸಿದಳು. ಅಲ್ಲಿ ಒಂದೇ ಅಳತೆಯ ಎರಡು ಬಿಲ್ಲೆಗಳಿದ್ದವು. ಒಂದಕ್ಕೆ ಕೆಂಪು ನಡು, ಹಸಿರು ಅಂಚು. ಇನ್ನೊಂದಕ್ಕೆ ಹಸಿರು ನಡು, ಕೆಂಪು ಅಂಚು. ಮುದುಕ ಎರಡನ್ನೂ ಎತ್ತಿ ಕಿಟಕಿಗೆ ಹಿಡಿದ. ಅದಲು ಬದಲು ಮಾಡಿದ. ಎಂಟು ಬಿಲ್ಲೆಗಳ ಮುಂದೆ ಒಂದು ನಿಮಿಷವೂ ನಿಲ್ಲದವನು ಎರಡರ ಮುಂದೆ ಬೆವರತೊಡಗಿದ. ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, ವುಲತಿಯಾನಳ ಕಿವಿಯ ಹತ್ತಿರ ಬಾಗಿದ.

"ಇವೆರಡರಲ್ಲಿ ಕೆಂಪು ಒಳಗಿರೋದು ಯಾವುದು ಮಗಳೇ? ಹುಟ್ಟಿದಾಗಿನಿಂದ ನನ್ನ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದೇ."