ಹತ್ತು ಹರೀರಿ... ಒಂದು ಇಡ್ರಿ

ಅರ್ಧ ಓದಿ ಫಾರ್ವರ್ಡ್ ಮಾಡಬೇಡಿ... ಅರ್ಧಕ್ಕೆ ನಿಂತರೆ ಈ ಹೆಣ್ಣುಮಗಳು ಹೇಳಿದ್ದು ಪೂರ್ತಿ ಉಲ್ಟಾ ಕೇಳಿಸುತ್ತೆ.

ಹಾವೇರಿ ಕಡೆಯ ಒಂದು ಸಣ್ಣ ಊರು. ಅಲ್ಲಿ ಫಕೀರವ್ವ ಅಂತ ಒಬ್ಬಾಕೆ. ವಯಸ್ಸು ನಲವತ್ತೆಂಟು.

ಊರಿನ ದೊಡ್ಡ ಸಾಹುಕಾರರ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ಮೆಣಸಿನಕಾಯಿ ಬೀಸಿ ಖಾರದ ಪುಡಿ ಮಾಡಿದವಳು... ಸೀನು, ಕೆಮ್ಮು, ಕಣ್ಣುರಿ ಎಲ್ಲ ಮೈಗೆ ಅಂಟಿಸಿಕೊಂಡ ಜೀವ.

ಒಂದು ದಿನ ಅನ್ನಿಸಿತು... ಸಾಕು, ಇನ್ನು ನಂದೇ ಒಂದು ಗಿರಣಿ ಹಾಕ್ತೀನಿ.

ಮನೆ ಪಕ್ಕ ತಗಡಿನ ಶೆಡ್. ಒಳಗೆ ಒಂದೇ ಒಂದು ಮಷಿನ್. ಅಷ್ಟೇ ಅವಳ ಕನಸು.

ಲೈಸೆನ್ಸ್ ಕೇಳೋಕೆ ಆಫೀಸಿಗೆ ಹೋದಳು. ಗುಮಾಸ್ತರು ಒಂದು ಪಟ್ಟಿ ಕೈಗಿಟ್ಟರು. ಹನ್ನೊಂದು ಕಾಗದ ತರಬೇಕಂತೆ.

ಶೆಡ್ಡಿನ ನಕ್ಷೆ... ನಕ್ಷೆಗೆ ಎಂಜಿನಿಯರ್ ಸಹಿ... ಅಕ್ಕಪಕ್ಕದವರ ಒಪ್ಪಿಗೆ ಪತ್ರ... ಆ ಒಪ್ಪಿಗೆ ನಿಜ ಅಂತ ಹೇಳೋಕೆ ಇನ್ನೊಂದು ಪತ್ರ...

“ಮೊದ್ಲ ಕರೆಂಟ್ ಬಿಲ್ ತರ್ರಿ, ಆಮ್ಯಾಲೆ ಲೈಸೆನ್ಸ್,” ಅಂದರು ಈ ಆಫೀಸಿನವರು.

“ಮೊದ್ಲ ಲೈಸೆನ್ಸ್ ತರ್ರಿ, ಆಮ್ಯಾಲೆ ಕರೆಂಟ್,” ಅಂದರು ಆ ಆಫೀಸಿನವರು.

ಹದಿನಾಲ್ಕು ತಿಂಗಳು ಓಡಾಡಿದಳು. ಮಷಿನ್ ಮಾತ್ರ ಗೋಣಿಚೀಲ ಹೊದ್ದುಕೊಂಡು ಶೆಡ್ಡಿನಲ್ಲೇ ಕೂತಿತ್ತು.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಸಣ್ಣ ಉದ್ಯಮಗಳಿಗೆ ಯಾವ ನಿಯಮ ಬೇಕು, ಯಾವುದು ಬೇಡ ಅಂತ ಜನರನ್ನೇ ಕೇಳೋಕೆ ಸರ್ಕಾರದ ಒಂದು ಸಮಿತಿ ಬರುತ್ತಿದೆ ಅಂತ.

ಮರುದಿನವೇ ಅವಳ ಮನೆ ಮುಂದೆ ಕಾರು ನಿಂತಿತು. ಇಳಿದವರು ಅದೇ ಹಳೇ ಸಾಹುಕಾರರು. ಈಗ ಅವರು ಗಿರಣಿ ಮಾಲೀಕರ ಸಂಘದ ಅಧ್ಯಕ್ಷರು ಕೂಡ.

“ಫಕೀರವ್ವ, ನೀ ಬಂದು ನಿನ್ನ ಕಷ್ಟ ಹೇಳಬೇಕವಾ. ನಾವು ಹೇಳಿದ್ರ ರೊಕ್ಕದವರ ಮಾತು ಅಂತಾರ. ನೀ ಹೇಳಿದ್ರ ಕೇಳ್ತಾರ.”

“ಏನಂತ ಹೇಳ್ಲಿ ಸಾವ್ಕಾರ್ರ?”

“ಎಲ್ಲಾ ನಿಯಮ ತಗದು ಹಾಕ್ರಿ ಅನ್ನು. ಚೆಕ್ ಮಾಡಾಕ ಯಾರೂ ಬರೂದು ಬ್ಯಾಡ ಅನ್ನು. ಅಷ್ಟ ಸಾಕು... ನಿನ್ನ ಲೈಸೆನ್ಸ್ ನಾ ಮಾಡಿಸಿಕೊಡ್ತೀನಿ.”

ಫಕೀರವ್ವ ಲೈಸೆನ್ಸಿನ ಪಟ್ಟಿ ಮಡಚಿ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ “ಬರ್ತೀನ್ರಿ” ಅಂದಳು. ಅಷ್ಟೇ.

ಸಭೆಯ ದಿನ ಹಾಲ್ ತುಂಬಿತ್ತು. ವೇದಿಕೆ ಮೇಲೆ ಸಮಿತಿಯ ಮುಖ್ಯಸ್ಥೆ, ಒಬ್ಬ ಹಿರಿಯ ಅಧಿಕಾರಿ ಮೇಡಂ.

ಅಧ್ಯಕ್ಷರು ಎಲ್ಲ ನಿಯಮ ತೆಗೆಯಬೇಕು ಅಂತ ಅರ್ಧ ಗಂಟೆ ಮಾತಾಡಿ, ಕೊನೆಗೆ “ನಂಬಿಕೆ ಇಲ್ಲದಿದ್ರೆ ಈ ಬಡ ಹೆಣ್ಣುಮಗಳನ್ನೇ ಕೇಳಿ” ಅಂತ ಮೈಕ್ ಫಕೀರವ್ವನ ಕೈಗೆ ಕೊಟ್ಟರು.

ಅವಳು ಮಡಚಿದ್ದ ಪಟ್ಟಿ ಬಿಚ್ಚಿದಳು.

“ಮೇಡಂ, ಒಂದ ಮಷಿನ್ ಇಡಾಕ ಎಂಜಿನಿಯರ್ ನಕ್ಷಾ ಯಾಕ್ರಿ? ಹರೀರಿ ಅದನ್ನ.

ಒಪ್ಪಿಗಿ ನಿಜ ಅನ್ನಾಕ ಇನ್ನೊಂದು ಒಪ್ಪಿಗಿ... ಅದನ್ನೂ ಹರೀರಿ.

ಕರೆಂಟಿಗೆ ಲೈಸೆನ್ಸ್, ಲೈಸೆನ್ಸಿಗೆ ಕರೆಂಟ್... ಇದನ್ನ ಬರದವರು ಒಂದಿನ ಬಂದು ನನ್ನ ಕೂಡ ತಿರುಗಾಡ್ಲಿ, ಆಮ್ಯಾಲೆ ಅವರ ಹರೀತಾರ.”

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಒಂದೊಂದಾಗಿ ಹತ್ತು ಕಾಗದ ಮುಗಿಯಿತು. ಅಧ್ಯಕ್ಷರ ಮುಖದಲ್ಲಿ ಖುಷಿ.

“ಇನ್ನ ಹನ್ನೊಂದನೇದು. ಮಷಿನ್ ಬೆಲ್ಟಿಗೆ ಕಬ್ಬಿಣದ ಜಾಳಿಗಿ ಮುಚ್ಚಿರಬೇಕು, ಅದನ್ನ ವರ್ಷಕ್ಕೊಮ್ಮೆ ಸಾಹೇಬ್ರು ಬಂದು ನೋಡಬೇಕು ಅಂತ ಐತಿ...

ಇದನ್ನ ಮಾತ್ರ ಮುಟ್ಟಬ್ಯಾಡ್ರಿ.”

ಚಪ್ಪಾಳೆ ನಿಂತುಹೋಯಿತು. ಅಧ್ಯಕ್ಷರು ಕೂತುಕೋ ಅಂತ ಕೈಸನ್ನೆ ಮಾಡಿದರು.

“ಕುಂದ್ರೂದಿಲ್ರಿ ಸಾವ್ಕಾರ್ರ. ನೀವ ಕರಕೊಂಡು ಬಂದೀರಿ, ಪೂರ್ತಿ ಕೇಳ್ರಿ.”

ಅವಳ ದನಿ ಏರಲಿಲ್ಲ.

“ಹುಸೇನಬಿ ಅಂತ ನನ್ನ ಗೆಳತಿ ಇದ್ಲು. ಇದ ಸಾವ್ಕಾರ್ರ ಗಿರಣ್ಯಾಗ ನನ್ನ ಬಾಜೂಕ ನಿಂತು ದುಡೀತಿದ್ಲು. ನಮ್ಮ ಮಷಿನ್ನಿಗೂ ಜಾಳಿಗಿ ಇತ್ರಿ... ಕಸ ತಗಿಯಾಕ ತಡ ಆಕ್ಕತಿ ಅಂತ ಬಿಚ್ಚಿ ಮೂಲ್ಯಾಗ ಇಟ್ಟಿದ್ರು.

ಆ ವರ್ಷ ನೋಡಾಕ ಯಾವ ಸಾಹೇಬ್ರೂ ಬರಲಿಲ್ಲ.

ಆಕಿ ಸೆರಗು ಬೆಲ್ಟಿಗೆ ಸಿಕ್ಕೊಂತು. ನಾ ಓಡಿ ಹೋಗಿ ಸ್ವಿಚ್ ಬಂದ್ ಮಾಡೂದ್ರಾಗ ಆಕಿ ಜೀವ ಹೋಗಿತ್ತು...”

ಅವಳು ಮೈಕನ್ನು ಇನ್ನೊಂದು ಕೈಗೆ ಬದಲಿಸಿದಳು.

“ಆಕಿ ಮಗಳಿಗೆ ಆಗ ಆರು ವರ್ಷ. ನನ್ನ ಮನ್ಯಾಗ ಬೆಳದು ಈಗ ದೊಡ್ಡಾಕಿ ಆಗ್ಯಾಳ. ನಾಳೆ ನನ್ನ ಮಷಿನ್ ಮುಂದ ನಿಲ್ಲೂದು ಆಕಿನ ರೀ... ಜಾಳಿಗಿ ಬ್ಯಾಡ ಅಂತ ಯಾವ ಬಾಯಿಲೆ ಹೇಳ್ಲಿ?”

“ಅದು ಆಕಸ್ಮಿಕ. ಹಳೇ ಮಾತು ಈಗ್ಯಾಕ?” ಅಂದರು ಅಧ್ಯಕ್ಷರು, ನೆಲ ನೋಡುತ್ತಾ.

“ಸೆರಗು ಸಿಕ್ಕಿದ್ದು ಆಕಸ್ಮಿಕ ಇರಬಹುದ್ರಿ. ಜಾಳಿಗಿ ಬಿಚ್ಚಿದ್ದು ಆಕಸ್ಮಿಕ ಅಲ್ಲ.

ನೀವು ನನಗ ಲೈಸೆನ್ಸ್ ಮಾಡಿಸಿಕೊಡೂದು ಬ್ಯಾಡ. ಇನ್ನೂ ಹದಿನಾಕು ತಿಂಗಳ ಅಡ್ಡಾಡ್ತೀನಿ, ನಾನ ತಗೋತೀನಿ.”

ವೇದಿಕೆ ಮೇಲಿದ್ದ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಕೆಳಗಿಳಿದು ಬಂದು ಆ ಪಟ್ಟಿ ಕೇಳಿ ತೆಗೆದುಕೊಂಡರು.

ಮರುದಿನವೇ ಎಲ್ಲ ಸರಿಹೋಯಿತು ಅಂದರೆ ಸುಳ್ಳು. ಏಳು ತಿಂಗಳು ಹಿಡಿಯಿತು.

ಒಂದು ಮಷಿನ್ನಿನ ಗಿರಣಿಗೆ ಈಗ ಎರಡೇ ಕಾಗದ. ಹೆಸರು, ವಿಳಾಸ ಬರೆದುಕೊಡುವ ಒಂದು ಅರ್ಜಿ... ಇನ್ನೊಂದು, ಜಾಳಿಗೆಯದು.

ಸಂಘದವರು ಅವಳನ್ನ ಇವತ್ತಿಗೂ ಯಾವ ಕಾರ್ಯಕ್ರಮಕ್ಕೂ ಕರೆಯಲ್ಲ. ಅವಳಿಗೆ ಅದರ ಚಿಂತೆಯೂ ಇಲ್ಲ.

ಗಿರಣಿ ಶುರುವಾದ ಮೇಲೆ ಒಂದು ದಿನ ಇನ್ಸ್‌ಪೆಕ್ಟರ್ ಫೋನ್ ಮಾಡಿದರು. “ಅಮ್ಮಾರ, ಮುಂದಿನ ಮಂಗಳವಾರ ತಪಾಸಣೆಗೆ ಬರ್ತೀನಿ, ಎಲ್ಲಾ ರೆಡಿ ಇಟ್ಕೊಳ್ರಿ.”

ಫಕೀರವ್ವ ಹೇಳಿದಳು...

“ಬರ್ರಿ ಸರ. ಆದ್ರ ಇನ್ಮ್ಯಾಲೆ ಫೋನ್ ಮಾಡಿ ಬರಬ್ಯಾಡ್ರಿ... ನನಗೂ ಹೇಳಬ್ಯಾಡ್ರಿ, ಸಾವ್ಕಾರ್ರಿಗೂ ಹೇಳಬ್ಯಾಡ್ರಿ. ಸೀದಾ ಬಂದುಬಿಡ್ರಿ.”

*ಬಡವರನ್ನ ಅಲೆಸುವ ಕಾಗದ ಹರಿಯಲಿ... ಬಡವರ ಜೀವ ಕಾಯುವ ಕಾಗದ ಉಳಿಯಲಿ.*

“ನಿಯಮಾನೇ ಬೇಡ” ಅಂತ ಯಾರಾದರೂ ಜೋರಾಗಿ ಕೂಗಿದಾಗ... ಆ ನಿಯಮ ಯಾರಿಗೆ ಅಡ್ಡ ಬಂದಿತ್ತು, ಯಾರನ್ನ ಕಾಯುತ್ತಿತ್ತು ಅಂತ ನಾವು ಯಾವತ್ತಾದರೂ ಕೇಳಿದ್ದೀವಾ?