ಇನ್ನು ಯಾರಿಗೂ ಕಲಿಸುವುದಿಲ್ಲ ಎಂದಿದ್ದ ಲಿಗೋರಿ

ಕರಾವಳಿಯ ಒಂದು ಪುಟ್ಟ ಬಂದರು... ಲೋಹವನ್ನು ಕಡೆದು ಬೋಟುಗಳ ಎಂಜಿನ್ ರಿಪೇರಿ ಮಾಡುವ ಲೇತ್ ವರ್ಕ್‌ಶಾಪ್‌ಗಳು ಅಲ್ಲಿ ಒಂದೇ ಸಾಲಿನಲ್ಲಿ ಏಳು ಇದ್ದವು.

ಈಗ ತೆರೆದಿರುವುದು ಒಂದೇ. ಅರವತ್ತಮೂರು ವರ್ಷದ ಲಿಗೋರಿಯವರದ್ದು. ಊರವರು ಅವರನ್ನು ಗೌರವದಿಂದ 'ಪೊರ್ಬುಗಳು' ಎನ್ನುತ್ತಿದ್ದರು.

ಅವರು ಕೈ ಹಿಡಿದು ಹನ್ನೊಂದು ಜನರಿಗೆ ಕೆಲಸ ಕಲಿಸಿದ್ದರು. ಹನ್ನೊಂದು ಜನರೂ ಒಬ್ಬರ ಹಿಂದೆ ಒಬ್ಬರು ದೋಹಾ, ಮಸ್ಕತ್ ಅಂತ ವಿಮಾನ ಹತ್ತಿದರು...

ಅವರಲ್ಲಿ ಆರು ಜನ ಅದೇ ಸಾಲಿನಲ್ಲಿ ಅಂಗಡಿ ಇಟ್ಟಿದ್ದವರು. ಬೀಗದ ಕೈಗಳನ್ನು ಲಿಗೋರಿಯವರಿಗೇ ಕೊಟ್ಟು ಹೋಗಿದ್ದರು.

ಪ್ರತಿ ಭಾನುವಾರ ಚರ್ಚ್‌ನಿಂದ ಬಂದ ಮೇಲೆ ಅವರು ಒಂದೊಂದೇ ಬಾಗಿಲು ತೆಗೆದು, ತುಕ್ಕು ಹಿಡಿಯದಿರಲಿ ಎಂದು ನಿಂತ ಯಂತ್ರಗಳಿಗೆ ಎಣ್ಣೆ ಹಾಕಿ ಬರುತ್ತಿದ್ದರು.

ಮೊದಲೆಲ್ಲ ಮಧ್ಯಾಹ್ನ ಏಳೂ ಅಂಗಡಿಯವರು ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಈಗ ಅವರೊಬ್ಬರೇ ಬುತ್ತಿ ಬಿಚ್ಚಿ, ರೇಡಿಯೋ ಹಾಕಿ... ಅದರ ಮಾತಿಗೆ "ಹೌದೌದು" ಅನ್ನುತ್ತಿದ್ದರು.

ಯಾರಾದರೂ ಕಲಿಯಲು ಬಂದರೆ ಒಂದೇ ಉತ್ತರ. "ಕಲಿಸುವುದು ಬಿಟ್ಟಿದ್ದೇನೆ."

ಒಂದು ಬೆಳಿಗ್ಗೆ ವಾರಿಜ ಬಂದಳು. ನಲವತ್ತು ದಾಟಿದ ಹೆಂಗಸು. ಬಂದರಿನ ಐಸ್ ಪ್ಲಾಂಟ್‌ನಲ್ಲಿ ಹದಿನಾಲ್ಕು ವರ್ಷ ದುಡಿದವಳು.

"ಐಸ್ ಪ್ಲಾಂಟ್ ಮುಚ್ಚಿತು ಪೊರ್ಬುಗಳೇ. ರಿಪೇರಿಗೆ ನಿಮ್ಮೊಬ್ರನ್ನು ಬಿಟ್ರೆ ಜನ ಇಲ್ಲ ಅಂತ ಬೋಟುಗಳೆಲ್ಲ ಪಕ್ಕದ ಬಂದರಿಗೆ ಹೋಗ್ತಾ ಉಂಟು. ಬೋಟೇ ಇಲ್ಲದಿದ್ರೆ ಐಸ್ ಯಾರಿಗೆ? ಹೋಟೆಲಿನವರೂ ಬಾಗಿಲು ಹಾಕಿದ್ರು."

"ಅದಕ್ಕೆ ನಾನೆಂತ ಮಾಡ್ಲಿ?"

"ನಂಗೆ ಈ ಕೆಲಸ ಕಲಿಸಿ."

ಲಿಗೋರಿ ತಲೆ ಎತ್ತಲಿಲ್ಲ. "ಕಲಿತು ನೀನೂ ಹೋಗ್ತೀಯ. ನಂಗೆ ಇನ್ನೊಂದು ಬೀಗದ ಕೈ ಬೇಡ ಮಾರಾಯ್ತಿ."

ವಾರಿಜ ಮೆಲ್ಲಗೆ ಕೇಳಿದಳು, "ನೀವು ಈ ಊರಿನವರಲ್ಲ ಅಲ್ವಾ? ನಿಮಗೆ ಕಲಿಸಿದವರು ಯಾರು?"

ಲಿಗೋರಿಯವರ ಕೈ ನಿಂತಿತು...

ನಲವತ್ತು ವರ್ಷದ ಹಿಂದೆ, ಹೊನ್ನಾವರದ ಕಡೆಯ ಒಂದು ಹಳ್ಳಿಯಲ್ಲಿ ಅಣ್ಣಪ್ಪ ಮೇಸ್ತ್ರಿ ಅವರಿಗೆ ಕಲಿಸಿದ್ದರು. ಆ ಊರಿಗೆಲ್ಲ ಇದ್ದದ್ದು ಅದೊಂದೇ ಲೇತ್.

ಹೆಚ್ಚು ಬೋಟುಗಳಿರುವ ಊರು ಸಿಕ್ಕಿತೆಂದು ಲಿಗೋರಿ ಹೊರಟಾಗ, ಮೇಸ್ತ್ರಿ ಬಸ್ ಸ್ಟ್ಯಾಂಡಿನವರೆಗೂ ಬಂದು "ಕೈ ಜೋಪಾನ" ಅಂತಷ್ಟೇ ಹೇಳಿದ್ದರು.

ಲಿಗೋರಿ ಮತ್ತೆ ಆ ಕಡೆ ಹೋಗಲೇ ಇಲ್ಲ. ಮೇಸ್ತ್ರಿಗೆ ಕಣ್ಣು ಮಂಜಾಗಿ ಅಂಗಡಿ ಮುಚ್ಚಿತಂತೆ ಎಂದು ಯಾರೋ ಹೇಳಿದ್ದನ್ನು ಕೇಳಿದ್ದರು, ಅಷ್ಟೇ...

ಬಿಟ್ಟು ಹೋದ ಹನ್ನೊಂದು ಜನರನ್ನು ಇಷ್ಟು ವರ್ಷ ಮನಸ್ಸಿನಲ್ಲೇ ಬೈದುಕೊಂಡಿದ್ದರು. ಎಲ್ಲರಿಗಿಂತ ಮೊದಲು ಬಿಟ್ಟು ಬಂದವನು ತಾನೇ ಎಂಬುದು ಅವರಿಗೆ ಹೊಳೆದದ್ದು ಅಂದು.

ಕಣ್ಣು ತುಂಬಿ ಬಂತು. ಎಣ್ಣೆಯ ಕೈಯಲ್ಲೇ ಒರೆಸಿಕೊಂಡರು.

"ಸೆರಗು ಬಿಗಿಯಾಗಿ ಕಟ್ಟಿಕೋ," ಅಂದರು. "ಮೆಷಿನಿಗೆ ಸಿಕ್ಕಿಕೊಂಡೀತು."

ಎಂಟು ತಿಂಗಳು ಬೇಕಾಯಿತು. ಎಷ್ಟೋ ಹಿತ್ತಾಳೆ ಹಾಳಾಯಿತು, ಎರಡು ಸಲ ಬೆರಳು ಕುಯ್ದುಕೊಂಡಳು.

ಕೊನೆಗೊಂದು ದಿನ ವಾರಿಜ ಕಡೆದು ಮಾಡಿದ ಬುಶ್ ಎಂಬ ಹಿತ್ತಾಳೆಯ ಬಳೆ, ಹನ್ನೆರಡು ದಿನದಿಂದ ಕೆಟ್ಟು ನಿಂತಿದ್ದ ಬೋಟಿನ ಎಂಜಿನ್‌ಗೆ ಸರಿಯಾಗಿ ಕೂತಿತು. ಬೋಟು ಹೊಗೆ ಬಿಡುತ್ತಾ ಸಮುದ್ರಕ್ಕಿಳಿಯಿತು.

ಇಬ್ಬರೂ ಬೋಟು ಕಟ್ಟುವ ಧಕ್ಕೆಯ ಮೇಲೆ ನಿಂತು ನೋಡುತ್ತಿದ್ದರು.

"ಪೊರ್ಬುಗಳೇ... ನಾಳೆ ನಂಗೂ ಎಲ್ಲಿಂದಾದ್ರೂ ಕರೆ ಬಂದ್ರೆ?"

ಒಬ್ಬರೇ ಉಣ್ಣುವ ಮಧ್ಯಾಹ್ನಗಳು ಮತ್ತೆ ಬರಬಹುದೆಂದು ಲಿಗೋರಿಯವರಿಗೆ ಗೊತ್ತಿತ್ತು.

"ಹೋಗು," ಅಂದರು. "ಆದ್ರೆ ಇನ್ನೊಬ್ಬರಿಗೆ ಕಲಿಸಿ ಹೋಗು. ಮೇಸ್ತ್ರಿಯನ್ನು ಬಿಟ್ಟು ಬರುವಾಗ ನಾನು ಅದೊಂದು ಮಾಡದೆ ಬಂದೆ."

ಹೊರಡುವವರನ್ನು ಹಿಡಿದು ನಿಲ್ಲಿಸಲು ನಮ್ಮಿಂದಾಗದು... ಆದರೆ ಅವರ ಕೈಯ ಕೆಲಸವನ್ನು ಊರಿನಲ್ಲಿ ಉಳಿಸಿಕೊಳ್ಳಬಹುದು.

ನಿಮಗೆ ಕೆಲಸ ಕಲಿಸಿದವರು ಈಗ ಎಲ್ಲಿದ್ದಾರೆ, ಹೇಗಿದ್ದಾರೆ... ಕೊನೆಯ ಸಲ ನೀವು ವಿಚಾರಿಸಿದ್ದು ಯಾವಾಗ?